ಮೈಸೂರಿನ ಹೆರಿಗೆ ದಾಖಲೆಗಳು

ಕೆಂಟ್ ಮತ್ತು ಸುತ್ತಲಿನ ಊರುಗಳ ಕನ್ನಡ ಬಂಧುಗಳೇ,

ಆರೋಗ್ಯ ಸಂಶೋಧನೆಗೆಂದು ಹೊರನಾಡಿಗೆ ಹೋಗುವ ವಿದ್ಯಾರ್ಥಿ ತಂಡಗಳ ಬಗ್ಗೆ ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಇಲ್ಲಿ ಬೆಳೆದ ನಮ್ಮ ಮಕ್ಕಳ ಪಾಲಿಗೆ ಮೈಸೂರೇ ಆ ಹೊರನಾಡು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯ ಜೊತೆ ಸೇರಿ ಅಲ್ಲಿ ಅಧ್ಯಯನ ನಡೆಸಿದ್ದಾರೆ. ಆದರೆ ಅಂತಹ ತಂಡಗಳು ಹೋಗುವ ಮುನ್ನವೇ ಅದೇ ಊರಿನಲ್ಲಿ ನಡೆದ ಒಂದು ಸಂಶೋಧನೆಯ ಚರಿತ್ರೆಯನ್ನು ಇಂದು ಹೇಳಬಯಸುತ್ತೇನೆ. ಅದು ಈ ಸಭೆಯಲ್ಲಿ ಕುಳಿತವರ ಶರೀರಕ್ಕೂ ಸಂಬಂಧಿಸಿದ್ದು.

ಮೈಸೂರಿನ ಮಂಡಿ ಮೊಹಲ್ಲದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1906ರಲ್ಲಿ ಸ್ಥಾಪಿತವಾದ ಈ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ತಾಯಿಯ ತೂಕವನ್ನೂ ಗುರುತಿಸಿದ್ದರು. ಬರೆದ ದಾದಿಯರಿಗೆ ಅದು ದಿನನಿತ್ಯದ ಕೆಲಸ. ಅರ್ಧ ಶತಮಾನದ ನಂತರ ಯಾರೋ ಅದನ್ನು ತೆರೆದು ಓದುತ್ತಾರೆಂಬ ಕಲ್ಪನೆ ಅವರಿಗೆ ಇದ್ದಿರಲಾರದು.

ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು ಹರ್ಟ್‌ಫರ್ಡ್‌ಶೈರ್ ಪ್ರಾಂತದ ಇಂಥದೇ ಹಳೆಯ ದಾಖಲೆಗಳನ್ನು ಶೋಧಿಸಿ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗದ ಮರಣ ಹೆಚ್ಚೆಂದು 1989ರಲ್ಲಿ ತೋರಿಸಿದರು. ಬಡತನ, ಧೂಮಪಾನ ಇವೇ ಕಾರಣವಿರಬಹುದಲ್ಲವೇ ಎಂದು ಅನೇಕರು ಆಕ್ಷೇಪಿಸಿದರು. ಬೇರೊಂದು ಸಮಾಜದಲ್ಲಿ ಪರೀಕ್ಷಿಸದೆ ಉತ್ತರ ಸಿಗುವಂತಿರಲಿಲ್ಲ. ಹಾಗೆ ಆ ತಂಡ ಮೈಸೂರಿಗೆ ಬಂತು.

ದಾಖಲೆ ಸಿಕ್ಕರೆ ಸಾಲದು, ಅದರಲ್ಲಿರುವ ಮಗು ಸಿಗಬೇಕು. ಆ ಮಗುವಿಗೆ ಆಗಲೇ ನಲವತ್ತು, ಐವತ್ತು ವಯಸ್ಸು. ನಮ್ಮಲ್ಲಿ ಹುಟ್ಟಿದ ತಾರೀಖು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದವಳು. ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆ ಮನೆಗೂ ಹೋಗಿ ವಿಚಾರಿಸಿ, ಹೇಳಿದ್ದನ್ನು ದಾಖಲೆಯೊಡನೆ ತಾಳೆ ನೋಡಿದರು. ಈ ಬಾಗಿಲು ತಟ್ಟುವ ಕೆಲಸವೇ ಇಡೀ ಸಂಶೋಧನೆಯ ಬೆನ್ನೆಲುಬು ಎಂದು ನನ್ನ ಅಭಿಪ್ರಾಯ. ಲೇಖನಗಳ ಶಿರೋಭಾಗದಲ್ಲಿ ಅದು ಕಾಣುವುದಿಲ್ಲ.

1996ರಲ್ಲಿ ಕ್ಲಾಡಿಯಾ ಸ್ಟೈನ್, ಕ್ಯಾರೊಲಿನ್ ಫಾಲ್, ಕೆ. ಕುಮಾರನ್ ಮೊದಲಾದವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗೊಳಗಾದವರು 517 ಮಂದಿ. ಹುಟ್ಟುವಾಗ ಐದೂವರೆ ಪೌಂಡ್ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗವಿತ್ತು. ಏಳು ಪೌಂಡ್ ಮೀರಿದವರಲ್ಲಿ ನೂರಕ್ಕೆ 3. ಬಸಿರಿನಲ್ಲಿ ತಾಯಿ ಕೃಶಳಾಗಿದ್ದಷ್ಟೂ ಅಪಾಯ ಹೆಚ್ಚು.

ಇಷ್ಟಕ್ಕೇ ನಿಂತಿದ್ದರೆ ಕಥೆ ಸರಳ. ಆದರೆ ಎರಡು ವರ್ಷದ ನಂತರ ಅದೇ ಗುಂಪಿನಲ್ಲಿ ಸಕ್ಕರೆ ಕಾಯಿಲೆಯನ್ನು ನೋಡಿದಾಗ ಬೇರೆಯೇ ಚಿತ್ರ ಮೂಡಿತು. ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ, ತಾಯಿ ತೂಕವಾಗಿದ್ದವರಲ್ಲಿ ಅದು ಹೆಚ್ಚಾಗಿತ್ತು. ಇಂಗ್ಲೆಂಡಿನ ಸಿದ್ಧಾಂತ ಮೈಸೂರಿಗೆ ಹಾಗೆಯೇ ಒಗ್ಗಲಿಲ್ಲ. ಬಸಿರಿನಲ್ಲಿಯೇ ತಾಯಿಯ ರಕ್ತದಲ್ಲಿ ಸಕ್ಕರೆ ಏರಿದ್ದಿರಬಹುದೇ? ಹಳೆಯ ಪುಸ್ತಕದಲ್ಲಿ ಅದರ ಲೆಕ್ಕವಿರಲಿಲ್ಲ.

ಆದ್ದರಿಂದ 1997ರಲ್ಲಿ 'ಪಾರ್ಥೆನಾನ್' ಎಂಬ ಹೊಸ ಅಧ್ಯಯನ ಅದೇ ಆಸ್ಪತ್ರೆಯಲ್ಲಿ ಆರಂಭವಾಯಿತು. ಎಂಟುನೂರರಷ್ಟು ಗರ್ಭಿಣಿಯರ ರಕ್ತಪರೀಕ್ಷೆಯಾಯಿತು. ನೂರಕ್ಕೆ 6ರಷ್ಟು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆಯಿತ್ತು. ಅವರ ಮಕ್ಕಳನ್ನು ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಾನುವರ್ಷ ಹಿಂಬಾಲಿಸಿದರು. ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಾಗಿ ಕಂಡಿತು.

ಬೇಸಿಗೆಯಲ್ಲಿ ಎಂಟು ವಾರಕ್ಕೆಂದು ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಇಂಥ ಕೆಲಸದ ಒಂದು ಅಂಚೂ ಕಾಣಲಾರದು. ಬಿಡಿ, ಹೋಗಲಿ, ಒಂದೆರಡು ಬಾಗಿಲಾದರೂ ತಟ್ಟಿ ಬರಲಿ. ತಮ್ಮಲ್ಲಿ ಮಿಷನ್ ಆಸ್ಪತ್ರೆಯಲ್ಲೇ ಹುಟ್ಟಿದವರು ಯಾರಾದರೂ ಇದ್ದರೆ, ತಮ್ಮ ತಾಯಿಯವರ ತೂಕವೂ ಅಲ್ಲಿ ಬರೆಯಲ್ಪಟ್ಟಿರಬಹುದು. ಪಾರ್ಥೆನಾನ್ ಮಕ್ಕಳಿಗೆ ಈಗ ಇಪ್ಪತ್ತೈದು ದಾಟಿದೆ. ಅವರಲ್ಲಿ ಕೆಲವರಾದರೂ ತಾವೇ ತಂದೆ ತಾಯಿಯರಾಗುವ ವಯಸ್ಸಿನಲ್ಲಿದ್ದಾರೆ.