ಒಂದಾಣೆಯ ತಿಂಡಿ



ಕೋಯಂಬೇಡು ಮಾರುಕಟ್ಟೆಯಲ್ಲಿ ಕೋಲಾರದ ಟೊಮೆಟೊ ಕಂಡರೆ ನಮಗೆಲ್ಲ ಊರಿನ ನೆನಪು. 1996ರಲ್ಲಿ ಕೊತ್ವಾಲ್ ಚಾವಡಿಯಿಂದ ಇಲ್ಲಿಗೆ ಬಂದ ಈ ಮಾರುಕಟ್ಟೆ ನಗರಕ್ಕೆಲ್ಲ ತರಕಾರಿ ಕೊಡುತ್ತದೆ. ಆದರೂ ಕೊಳ್ಳಲು ಕಾಸಿಲ್ಲದ ಮನೆಗಳು ಯಾವ ಕಾಲಕ್ಕೂ ಇದ್ದೇ ಇವೆ. ಆ ಮನೆಯ ಮಕ್ಕಳನ್ನು ಶಾಲೆಯಲ್ಲಿ ಗುರುತಿಸುವುದು ಹೇಗೆ? ಈ ಪ್ರಶ್ನೆ ಇದೇ ಊರಿಗೆ ನೂರು ವರ್ಷಗಳ ಹಿಂದೆಯೇ ಎದುರಾಗಿತ್ತು.

1920ರಲ್ಲಿ ಮದರಾಸು ಕಾರ್ಪೊರೇಷನ್ನಿನ ಅಧ್ಯಕ್ಷರು ಪಿಟ್ಟಿ ತ್ಯಾಗರಾಯ ಚೆಟ್ಟಿ. ಥೌಸಂಡ್ ಲೈಟ್ಸ್ ಶಾಲೆಯ ಹಾಜರಿಗೆ ಬಡತನವೇ ಪೆಟ್ಟು ಕೊಡುತ್ತಿದೆ ಎಂದರು ಅವರು. ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರದಂತೆ ತಿಂಡಿ ಕೊಡಲು ತೀರ್ಮಾನವಾಯಿತು. ಮುಂದೆ ಇನ್ನೂ ನಾಲ್ಕು ಶಾಲೆಗಳು ಸೇರಿದವು. 1922-23ರಲ್ಲಿ 811 ಇದ್ದ ಮಕ್ಕಳು 1924-25ಕ್ಕೆ 1671 ಆದರು. ಹಸಿವು ಎಷ್ಟು ಮಕ್ಕಳನ್ನು ಶಾಲೆಯಿಂದ ದೂರ ಇಟ್ಟಿತ್ತು ನೋಡಿ!

ಶಿಕ್ಷಣ ನಿಧಿಯಿಂದ ತಿಂಡಿಗೆ ಖರ್ಚು ಮಾಡಲು ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1925ರಲ್ಲಿ ಯೋಜನೆ ನಿಂತಿತು. 1927ರಲ್ಲಿ ಮತ್ತೆ ಶುರುವಾದಾಗ ಅದು 25 ಶಾಲೆಗಳ 1000 ಬಡ ಮಕ್ಕಳಿಗೆ ಮಾತ್ರ. ಶಾಲೆಗೆ ಸರಾಸರಿ ನಲವತ್ತು. ನಲವತ್ತೊಂದನೆಯ ಮಗುವಿಗೆ ಹಸಿವಿರಲಿಲ್ಲವೇ?

ಅಮೆರಿಕದಲ್ಲಿ 1946ರಲ್ಲಿ ಶಾಲಾ ಊಟದ ಕಾನೂನು ಬಂತು. ಮುಂದೆ ಅಲ್ಲಿ ಮನೆಯ ಆದಾಯ ನೋಡಿ ಊಟವನ್ನು ಉಚಿತವಾಗಿ ಇಲ್ಲವೇ ರಿಯಾಯಿತಿ ದರದಲ್ಲಿ ಕೊಡತೊಡಗಿದರು. ಎಷ್ಟು ಮಕ್ಕಳಿಗೆ ಈ ಊಟ ಎಂಬುದೇ ಶಾಲೆಯ ಬಡತನದ ಅಳತೆಗೋಲಾಯಿತು. 2014ರಿಂದ ದೇಶಾದ್ಯಂತ ಬಡ ಪ್ರದೇಶದ ಶಾಲೆಗಳು ಅರ್ಜಿ ಕೇಳದೆ ಎಲ್ಲರಿಗೂ ಉಣಬಡಿಸಬಹುದಾಯಿತು. ಅಂಥ ಕಡೆ ಅಳತೆಗೋಲು ಸುಳ್ಳಾಯಿತು.

ನಮ್ಮಲ್ಲೂ ಹಾಗೆಯೇ. 1982ರಲ್ಲಿ ಎಂ.ಜಿ.ಆರ್. ಪೌಷ್ಟಿಕ ಊಟದ ಯೋಜನೆ ತಂದರು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬಿಸಿಯೂಟ ಕೊಡಬೇಕೆಂದಿತು. ಮರುವರ್ಷ ಕರ್ನಾಟಕದಲ್ಲಿ ಅಕ್ಷರ ದಾಸೋಹ ಆರಂಭವಾಯಿತು. 2022ರಲ್ಲಿ ತಮಿಳುನಾಡು ಬೆಳಗಿನ ಉಪಾಹಾರವನ್ನೂ ಸೇರಿಸಿತು.

ಎಲ್ಲರಿಗೂ ಬಡಿಸಿದ ಮೇಲೆ ತಟ್ಟೆ ಎಣಿಸಿ ಬಡವರ ಲೆಕ್ಕ ಹಾಕಲಾಗದು. ಆ ಲೆಕ್ಕವೂ ಬೇಕು, ನಿಜ. ಅದಕ್ಕೆ ಬೇರೆ ದಾರಿ ಹುಡುಕೋಣ. ಪಂಕ್ತಿಯಲ್ಲಿ ಕೂತ ಮಗುವಿಗೆ ಮಾತ್ರ ತಾನು ಬಡವ ಎಂದು ಮೊದಲು ಸಾಬೀತು ಮಾಡುವ ಕಷ್ಟ ಬೇಡ.