ಸೂರ್ಯ ಕೊಟ್ಟಷ್ಟು, ಬ್ಯಾಟರಿ ಉಂಡಷ್ಟು

ಮಾಡಿನ ಮೇಲೊಂದು ಸೌರಫಲಕ, ಜಗಲಿಯ ಮೂಲೆಯಲ್ಲೊಂದು ಬ್ಯಾಟರಿ, ನಡುವೆ ಪುಟ್ಟ ನಿಯಂತ್ರಕ. ಮಲೆನಾಡು, ಕರಾವಳಿಗಳ ಒಂಟಿ ಮನೆಗಳಲ್ಲಿ ಇದು ಪರಿಚಿತ ನೋಟ. ಅಲ್ಲಿ ಕೇಳಿಬರುವ ದೂರೂ ಪರಿಚಿತವೇ: ‘ಫಲಕ ಚೆನ್ನಾಗಿದೆ, ಬಿಸಿಲೂ ಇದೆ, ಬ್ಯಾಟರಿ ಮಾತ್ರ ಎರಡೇ ವರ್ಷಕ್ಕೆ ಸತ್ತಿತು.’ ತಪ್ಪು ಯಾರದು? ಅನೇಕ ಸಲ ಫಲಕದ್ದೂ ಅಲ್ಲ, ಬ್ಯಾಟರಿಯದೂ ಅಲ್ಲ. ಅವೆರಡನ್ನು ಜೋಡಿಸಿದ ಲೆಕ್ಕದ್ದು. ಹುಟ್ಟಿನಲ್ಲಿ ಇವೆರಡೂ ಒಂದಕ್ಕೊಂದು ಅಪರಿಚಿತ ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯೇನಿಲ್ಲ.

ಸೀಸದ ಬ್ಯಾಟರಿ ಹುಟ್ಟಿದ್ದು 1859ರಲ್ಲಿ. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಆ ಹಾಳೆಗಳನ್ನು ಪಳಗಿಸಲು ತಿಂಗಳುಗಟ್ಟಲೆ ವಿದ್ಯುತ್ ತುಂಬಿ ತೆಗೆಯಬೇಕಾಗುತ್ತಿತ್ತು. 1881ರಲ್ಲಿ ಕಮೀಲ್ ಫೋರ್ ಸೀಸದ ಆಕ್ಸೈಡಿನ ಲೇಪ ಹಚ್ಚಿ ಈ ಕಾಯುವಿಕೆಯನ್ನು ತಪ್ಪಿಸಿದ. ಅಷ್ಟರಲ್ಲಿ ಡೈನಮೋ ಬಂದಿತ್ತು. ಯಂತ್ರ ತಿರುಗುವಷ್ಟು ಹೊತ್ತು, ಬೇಕೆಂದರೆ ರಾತ್ರಿಯಿಡೀ, ಒಂದೇ ಸಮನೆ ವಿದ್ಯುತ್ ಸಿಗುತ್ತಿತ್ತು. ಸೀಸದ ಬ್ಯಾಟರಿ ಬೆಳೆದದ್ದು ಈ ಸೌಕರ್ಯದಲ್ಲಿ.

ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು ಪ್ರವಾಹ ಕೊಡಬೇಕೆಂಬುದು ಇದಕ್ಕೆ ಇಂದಿಗೂ ಹೇಳುವ ಹದ. 150 ಆಂಪಿಯರ್-ಗಂಟೆಯ ಬ್ಯಾಟರಿಗೆ 15 ಆಂಪಿಯರ್ ಎಂದಾಯಿತು. ಅದಕ್ಕಿಂತ ತೀರ ಹೆಚ್ಚು ಕೊಟ್ಟರೆ ಬಿಸಿ ಏರುತ್ತದೆ, ನೀರು ಅನಿಲವಾಗಿ ಹಾರಿಹೋಗುತ್ತದೆ, ಫಲಕಗಳ ಲೇಪ ಉದುರುತ್ತದೆ. ತೀರ ಕಡಿಮೆ ಕೊಟ್ಟರೆ ಕೆಡುಕು ಕಣ್ಣಿಗೆ ಕಾಣುವುದಿಲ್ಲ. ಬಳಕೆಯಲ್ಲಿ ಉಂಟಾದ ಸೀಸದ ಸಲ್ಫೇಟ್ ಪೂರ್ತಿ ಕರಗದೆ ಗಟ್ಟಿ ಹರಳಾಗಿ ಕೂರುತ್ತದೆ; ದಿನದಿನಕ್ಕೆ ಬ್ಯಾಟರಿಯ ಹೊಟ್ಟೆ ಕಿರಿದಾಗುತ್ತದೆ.

ಬೆಲ್ ಪ್ರಯೋಗಾಲಯದ ಚೇಪಿನ್, ಫುಲ್ಲರ್, ಪಿಯರ್ಸನ್ ಸಿಲಿಕಾನ್ ಸೌರಕೋಶವನ್ನು ಜಗತ್ತಿಗೆ ತೋರಿಸಿದ್ದು 1954ರಲ್ಲಿ. ಮರುವರ್ಷವೇ ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ಬಳಿ ಹಳ್ಳಿಯ ಟೆಲಿಫೋನ್ ಮಾರ್ಗಕ್ಕೆ ಅದನ್ನು ಜೋಡಿಸಿ ನೋಡಿದರು. ರಾತ್ರಿಗಾಗಿ ಕೂಡಿಡುವ ಬ್ಯಾಟರಿಯೂ ಜೊತೆಗಿತ್ತು. ಸೂರ್ಯ ಮತ್ತು ಬ್ಯಾಟರಿಯ ಸಂಸಾರದ ಮೊದಲ ದಿನಗಳು ಇವು.

ಈ ಸಂಸಾರದ ಕಠಿಣ ಪರೀಕ್ಷೆ ನಡೆದದ್ದು ಆಕಾಶದಲ್ಲಿ. ಭೂಮಿಗೆ ಹತ್ತಿರದಲ್ಲಿ ಸುತ್ತುವ ಉಪಗ್ರಹಕ್ಕೆ ಸುಮಾರು ಒಂದು ಗಂಟೆ ಬಿಸಿಲು, ಅರ್ಧ ಗಂಟೆ ಕತ್ತಲೆ. ಕತ್ತಲೆಯಲ್ಲಿ ಕಳೆದದ್ದನ್ನು ಆ ಒಂದು ಗಂಟೆಯಲ್ಲೇ ತುಂಬಿಕೊಳ್ಳಬೇಕು. ಇಂಥ ಅವಸರದ ಊಟ ಸೀಸಕ್ಕೆ ಒಗ್ಗದು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದ್ದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಅದನ್ನು ತಡೆದುಕೊಂಡಿತು. 1962ರ ಟೆಲ್‌ಸ್ಟಾರ್‌ನಲ್ಲೂ, ಬೆಂಗಳೂರಿನ ಪೀಣ್ಯದಲ್ಲಿ ತಯಾರಾಗಿ 1975ರಲ್ಲಿ ಹಾರಿದ ನಮ್ಮ ಆರ್ಯಭಟದಲ್ಲೂ ಇದ್ದದ್ದು ಅದೇ.

ಆದರೆ ಹಳ್ಳಿಮನೆಗೆ ಉಪಗ್ರಹದ ಬೆಲೆ ತೆರಲಾದೀತೆ? 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊದಂಥ ಸಂಸ್ಥೆಗಳು ಬ್ಯಾಂಕ್ ಸಾಲದ ನೆರವಿನಿಂದ ಸೌರದೀಪ ಹಂಚಿದಾಗ ಕೈಗೆಟುಕುತ್ತಿದ್ದುದು ಸೀಸವೇ. ಲೆಕ್ಕ ಮುಖ್ಯವಾದದ್ದು ಇಲ್ಲಿ. 75 ವಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲಿ ಕೊಡುವುದು ನಾಲ್ಕೂವರೆ ಆಂಪಿಯರಿಗಿಂತ ಕಡಿಮೆ. ‘ಮಳೆಗಾಲಕ್ಕೆ ಇರಲಿ’ ಎಂದು ಇದಕ್ಕೆ 150ರ ಬ್ಯಾಟರಿ ಕಟ್ಟಿದರೆ ಸಿಗುವುದು ನೂರಕ್ಕೆ ಮೂರರಷ್ಟು. ಹತ್ತರ ಹದಕ್ಕೆ 250 ವಾಟ್ ಬೇಕು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಲ್ಲಿ ಅರ್ಧವಷ್ಟೇ ನಿಜ: ಹಾಸಿಗೆ ಅತಿ ದೊಡ್ಡದಾದರೂ ಕೆಡುಕೇ!

ಇನ್ನೊಂದು ತೊಡಕಿದೆ. ಸೀಸದ ಬ್ಯಾಟರಿ ಮುಕ್ಕಾಲು ಪಾಲನ್ನು ಬೇಗ ಉಣ್ಣುತ್ತದೆ. ಕೊನೆಯ ಐದನೆಯ ಒಂದು ಭಾಗಕ್ಕೆ ಗಂಟೆಗಟ್ಟಲೆ ಸಮಯ ಬೇಡುತ್ತದೆ. ಆ ಹೊತ್ತಿಗೆ ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ. ಡೈನಮೋ ಕಾಯುತ್ತಿತ್ತು, ಸೂರ್ಯ ಕಾಯುವುದಿಲ್ಲ. ನಿಯಂತ್ರಕದ ಕೆಲಸವೇ ಇದು: ಮೊದಲು ಸಿಕ್ಕಷ್ಟನ್ನೂ ತುಂಬಿ, 12 ವೋಲ್ಟಿನ ಬ್ಯಾಟರಿ 14.4ರ ಆಸುಪಾಸಿಗೆ ಬಂದಾಗ ಅಲ್ಲೇ ಹಿಡಿದು ನಿಲ್ಲಿಸುವುದು. ಆಮ್ಲವನ್ನು ಲೋಳೆಯಾಗಿಸಿದ ಜೆಲ್ ಬ್ಯಾಟರಿಗೆ ಈ ಮಿತಿ ಇನ್ನೂ ಕಡಿಮೆ. ಮೀರಿದರೆ ಗುಳ್ಳೆಗಳೆದ್ದು ಒಳಗೆ ಪೊಳ್ಳಾಗುತ್ತದೆ. ನೀರು ಹಾಕಿ ಸರಿಪಡಿಸುವ ಅವಕಾಶವೂ ಇಲ್ಲ.

1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡೆನಫ್ ಜೊತೆ ಅಕ್ಷಯ ಪಾಡಿ, ಕೆ.ಎಸ್. ನಂಜುಂಡಸ್ವಾಮಿ ಪ್ರಕಟಿಸಿದ ಲಿಥಿಯಂ ಕಬ್ಬಿಣ ಫಾಸ್ಫೇಟಿನ ಸಂಶೋಧನೆ ಈ ಕಥೆಗೆ ಹೊಸ ತಿರುವು ಕೊಟ್ಟಿತು. ಈ ಬ್ಯಾಟರಿ ಸಾಮಾನ್ಯವಾಗಿ ಸಾಮರ್ಥ್ಯದ ಅರ್ಧದಷ್ಟು ಪ್ರವಾಹವನ್ನೂ ಸ್ವೀಕರಿಸುತ್ತದೆ. ಅರೆಹೊಟ್ಟೆಯಲ್ಲಿ ಉಳಿದರೂ ಹರಳುಗಟ್ಟುವುದಿಲ್ಲ. ಮೋಡದ ನಾಡಿಗೆ ಹೇಳಿ ಮಾಡಿಸಿದ ಗುಣ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಇದಕ್ಕೆ ವಿದ್ಯುತ್ ತುಂಬಬಾರದು. ಸೀಸಕ್ಕೆಂದು ಹೊಂದಿಸಿದ ಹಳೆಯ ನಿಯಂತ್ರಕಕ್ಕೆ ಹಾಗೆಯೇ ಜೋಡಿಸುವುದೂ ಸಲ್ಲದು.

ಬೆಳಕಿಗಾಗಿ ಸಾಲ ಮಾಡಿದ ಮನೆಯಲ್ಲಿ ಬ್ಯಾಟರಿ ಸತ್ತರೂ ಕಂತು ನಿಲ್ಲುವುದಿಲ್ಲ. ಬ್ಯಾಟರಿ ಕೊಳ್ಳುವಾಗ ‘ಎಷ್ಟು ದೊಡ್ಡದು’ ಎಂದಷ್ಟೇ ಅಲ್ಲ, ‘ನನ್ನ ಫಲಕ ಇದರ ಹೊಟ್ಟೆ ತುಂಬಿಸೀತೆ’ ಎಂದೂ ಕೇಳಬೇಕು.