ಬಾಗಿಲು ತಟ್ಟಿದ್ದು ಯಾರು ಅಂತ ಪೋರ್ಟಿಗೆ ಗೊತ್ತಾಗಿದ್ದು ಯಾವಾಗ?

ಮೊನ್ನೆ ನನ್ನ ಪ್ರೋಗ್ರಾಮು ತೂಕದ ಯಂತ್ರಕ್ಕೆ ಕಳಿಸಬೇಕಿದ್ದ ಆಜ್ಞೆಯನ್ನು ಪಕ್ಕದ ಮೋಟಾರಿಗೆ ಕಳಿಸಿಬಿಟ್ಟಿತು. ಮೋಟಾರು ಗಿರ್ರನೆ ತಿರುಗಿತು. ಪುಣ್ಯಕ್ಕೆ ಅಲ್ಲಿ ಯಾರ ಕೈಯೂ ಇರಲಿಲ್ಲ. ತಪ್ಪು ನನ್ನದೇ ಬಿಡಿ, ಕೋಡಿನಲ್ಲಿ 'ಟಿಟಿವೈಯುಎಸ್‌ಬಿ0' ಅಂತ ನೇರವಾಗಿ ಬರೆದು ನಿಶ್ಚಿಂತೆಯಿಂದಿದ್ದೆ. ಆ ಸೊನ್ನೆ ಸಾಧನದ ಹೆಸರಲ್ಲ, ಸರತಿಯ ಟೋಕನ್ ಅಷ್ಟೇ. ರೀಬೂಟ್ ಆದಾಗ ಅದಲುಬದಲಾಗಿತ್ತು.

1960ರಲ್ಲಿ ಅಮೆರಿಕದಲ್ಲಿ ಆರ್‌ಎಸ್-232 ಬಂದಾಗ ಪೋರ್ಟಿಗೆ ತನ್ನ ತುದಿಯಲ್ಲಿ ಯಾರಿದ್ದಾರೆ ಅಂತ ಕೇಳುವ ದಾರಿಯೇ ಇರಲಿಲ್ಲ. 'ನಾನು ಸಿದ್ಧ' ಎನ್ನಲು ಒಂದು ತಂತಿ ಇತ್ತು, 'ನಾನು ಇಂಥವನು' ಎನ್ನಲು ಇರಲಿಲ್ಲ. ಕಾಮ್ 1ರಲ್ಲಿ ಮೌಸು, ಕಾಮ್ 2ರಲ್ಲಿ ಮೋಡೆಮ್ಮು ಅಂತ ನಾವೇ ಹೇಳಿಕೊಡಬೇಕಿತ್ತು.

1996ರ ಜನವರಿಯಲ್ಲಿ ಯುಎಸ್‌ಬಿ 1.0 ಬಂತು. ಇದರ ಹಿಂದಿನ ಇಂಟೆಲ್ ತಂಡದಲ್ಲಿದ್ದ ಅಜಯ್ ಭಟ್ ಓದಿದ್ದು ಬರೋಡದಲ್ಲಿ. ಸಾಧನ ಚುಚ್ಚಿದ ಕೂಡಲೇ ಅದರೊಳಗಿನ 1.5 ಕಿಲೋ ಓಮ್ ರೆಸಿಸ್ಟರು ಒಂದು ತಂತಿಯ ವೋಲ್ಟೇಜನ್ನು ಮೇಲೆಳೆಯುತ್ತದೆ. ಯಾರೋ ಬಂದರು ಅಂತ ಹಬ್‌ಗೆ ತಿಳಿಯುವುದು ಹೀಗೆ. ಆಮೇಲೆ ಕಂಪ್ಯೂಟರ್ ಊರು-ಹೆಸರು ವಿಚಾರಿಸುತ್ತದೆ: ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ, ಇದ್ದರೆ ಸೀರಿಯಲ್ ನಂಬರು.

ಆದರೆ ಲಿನಕ್ಸಿನಲ್ಲಿ ಈ ಪರಿಚಯ ನಮ್ಮ ಪ್ರೋಗ್ರಾಮಿನವರೆಗೆ ಸಲೀಸಾಗಿ ಮುಟ್ಟಲು ಇನ್ನೂ ಕೆಲವು ವರ್ಷ ಬೇಕಾಯಿತು. 2003ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ 'ಯುಡೆವ್' ಬರೆದರು. ಸಾಧನ ಬಂದಾಗಲೇ ಅದರ ಫೈಲು ಹುಟ್ಟುತ್ತದೆ, ಗುರುತು ನೋಡಿ ನಮಗೆ ಬೇಕಾದ ಅಡ್ಡಹೆಸರೂ ಇಡಬಹುದು. ನಾನು ಬಳಸದೇ ಬಿಟ್ಟಿದ್ದು ಇದನ್ನೇ!

ಹಾಗಂತ ಹೇಳಿದ ಹೆಸರನ್ನೆಲ್ಲ ನಂಬಲೂ ಆಗುವುದಿಲ್ಲ. ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯ ಚಿಪ್ಪು 0403, 6001 ಅಂತ ಹೇಳಿಕೊಳ್ಳುತ್ತದೆ. ನಕಲಿಗಳೂ ಅದನ್ನೇ ಹೇಳತೊಡಗಿದವು. 2014ರ ಅಕ್ಟೋಬರಿನಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಆ ಕಂಪನಿಯ ಡ್ರೈವರು ನಕಲಿ ಚಿಪ್ಪುಗಳ ಉತ್ಪನ್ನ ಸಂಖ್ಯೆಯನ್ನೇ 0000 ಮಾಡಿಬಿಟ್ಟಿತು. ಗಲಾಟೆಯಾಗಿ ಅದನ್ನು ವಾಪಸ್ ಪಡೆದರು. ನಕಲು ತಪ್ಪೇ, ಆದರೆ ಗೊತ್ತಿಲ್ಲದೆ ಕೊಂಡವನ ಯಂತ್ರವನ್ನು ಮೂಕ ಮಾಡಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಈಗ ನನ್ನ ಕೋಡು ಎಲ್ಲ ಪೋರ್ಟುಗಳ ಪಟ್ಟಿ ತೆಗೆದು, ಸಂಖ್ಯೆಗಳನ್ನು ಹೊಂದಿಸಿ ನೋಡುತ್ತದೆ. ಪೋರ್ಟು ತೆರೆದ ಮೇಲೂ 'ನೀನ್ಯಾರು' ಅಂತ ಕೇಳಿ, ಸರಿಯಾದ ಉತ್ತರ ಬಂದರಷ್ಟೇ ಆಜ್ಞೆ ಕಳಿಸುತ್ತದೆ. ಒಂದೇ ಥರದ ಎರಡು ಮೋಟಾರುಗಳು ಮಾತ್ರ ತೊಂದರೆ ಕೊಡುತ್ತಿವೆ. ಎರಡರಲ್ಲೂ ಅಗ್ಗದ ಸಿಎಚ್340 ಚಿಪ್ಪು, ಸೀರಿಯಲ್ ನಂಬರೇ ಇಲ್ಲ. ಸದ್ಯಕ್ಕೆ ಹಬ್‌ನ ಯಾವ ತೂತಿಗೆ ಯಾವುದು ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ :)